ಅಲಗಿನ ಬೆನ್ನು: ಹಿರಣ್ಯಕೇಶಿ ಕಣಿವೆಯ ಕೊಯ್ತಾ ಮತ್ತು ದಪ್ಪದ ಚರಿತ್ರೆ

ಕತ್ತಿಯನ್ನು ಕುರಿತ ಬರಹದ ಪರಂಪರೆ ಬಹುಮಟ್ಟಿಗೆ ಉದ್ದವನ್ನು ಕುರಿತದ್ದು. ವರಾಹಮಿಹಿರನ ಬೃಹತ್ಸಂಹಿತೆಯ ಖಡ್ಗಲಕ್ಷಣ ಪ್ರಕರಣವು 50 ಅಂಗುಲದ ಖಡ್ಗವನ್ನು ಉತ್ತಮವೆಂದೂ 25 ಅಂಗುಲದ್ದನ್ನು ಅಧಮವೆಂದೂ ಎಣಿಸಿ, ಅಲಗಿನ ಮೇಲಿನ ಕಲೆಗಳು ಎಷ್ಟನೆಯ ಅಂಗುಲದಲ್ಲಿವೆ ಎಂಬುದರಿಂದ ಶುಭಾಶುಭ ಫಲಗಳನ್ನು ಹೇಳುತ್ತದೆ. ಸುಮಾರು ಹದಿನಾಲ್ಕು ಶತಮಾನಗಳ ಅನಂತರ ಬಂದ ಭಾರತದ 1962ರ ಆಯುಧ ನಿಯಮಗಳೂ ಇದೇ ಜಾಡಿನವು. ಅವುಗಳ ಐದನೆಯ ವರ್ಗದಲ್ಲಿ 9 ಇಂಚಿಗಿಂತ ಉದ್ದವಾದ ಅಥವಾ 2 ಇಂಚಿಗಿಂತ ಅಗಲವಾದ ಅಲಗುಳ್ಳ ಕತ್ತಿಗಳು ಸೇರುತ್ತಿದ್ದವು. ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗಳಿಗಾಗಿ ಮಾಡಿದವು ಹೊರಗುಳಿಯುತ್ತಿದ್ದವು. ಶಾಸ್ತ್ರವು ಉದ್ದವನ್ನು ಅಳೆಯಿತು. ಕಾನೂನು ಉದ್ದದೊಡನೆ ಅಗಲವನ್ನೂ ಅಳೆಯಿತು. ಅಲಗಿನ ಬೆನ್ನು ಎಷ್ಟು ದಪ್ಪವಿರಬೇಕು ಎಂಬ ಪ್ರಶ್ನೆ ಎರಡಕ್ಕೂ ಮುಖ್ಯವಾಗಲಿಲ್ಲ.

ಕತ್ತಿಯನ್ನು ಬೆಳಗಿನಿಂದ ಸಂಜೆಯವರೆಗೆ ದುಡಿಸುವವರಿಗಾದರೋ ಇದೇ ಮೊದಲ ಪ್ರಶ್ನೆ. ಮಡಚುವ ಚೂರಿಯಲ್ಲಿ ಕೀಲು ಮೊದಲು ಸೋಲುತ್ತದೆ. ಹಿಡಿಗೆ ಗಟ್ಟಿಯಾಗಿ ಕೂರಿಸಿದ ಕುಡುಗೋಲು, ಮಚ್ಚು, ಕೊಯ್ತಾಗಳಲ್ಲಿ ಸೋಲುವುದೂ ಗೆಲ್ಲುವುದೂ ಅಲಗೇ. ತೆಳುವಾದರೆ ಬಾಗುತ್ತದೆ ಅಥವಾ ಮುಕ್ಕಾಗುತ್ತದೆ. ದಪ್ಪವಾದರೆ ಕಡಿಯದೆ ಸೀಳುತ್ತದೆ, ಕೈಯನ್ನು ದಣಿಸುತ್ತದೆ. ಇವೆರಡರ ನಡುವಿನ ಅಳತೆಯನ್ನು ಕಂಬಾರ ಮತ್ತು ಗಿರಾಕಿ ಕುಲುಮೆಯ ಮುಂದೆ ಮಾತಿನಲ್ಲಿಯೇ ತೀರ್ಮಾನಿಸುತ್ತ ಬಂದುದರಿಂದ ಅದಕ್ಕೆ ಬರಹದ ದಾಖಲೆ ಕಡಿಮೆ. ಆದರೂ ಅದಕ್ಕೊಂದು ಚರಿತ್ರೆಯಿದೆ. ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ತಾಲ್ಲೂಕಿನ ನೂಲ ಮತ್ತು ಅದರ ಆಸುಪಾಸಿನ ಹಿರಣ್ಯಕೇಶಿ ಕಣಿವೆಯನ್ನು ನೆಲೆಯಾಗಿಟ್ಟುಕೊಂಡು ಆ ಚರಿತ್ರೆಯನ್ನು ಲೋಹ, ಬೆಳೆ, ಕಂಬಾರಿಕೆ ಮತ್ತು ಕೂಲಿ ಎಂಬ ನಾಲ್ಕು ದಾರಿಗಳಲ್ಲಿ ಹಿಂಬಾಲಿಸಬಹುದು.

ಊರು ಮತ್ತು ಮಾತು

ಆಂಬೋಲಿಯ ಬಳಿ ಹುಟ್ಟುವ ಹಿರಣ್ಯಕೇಶಿಯು ಆಜರಾ, ಗಡಹಿಂಗ್ಲಜಗಳನ್ನು ದಾಟಿ ಸಂಕೇಶ್ವರದ ಕಡೆಗೆ ಹರಿದು ಘಟಪ್ರಭೆಯನ್ನು ಸೇರುತ್ತದೆ. ಕಣಿವೆಯ ಮೇಲ್ಭಾಗ ಸಹ್ಯಾದ್ರಿಯ ಮಳೆನಾಡು, ಕೆಳಭಾಗ ಜೋಳ ಬೆಳೆಯುತ್ತಿದ್ದ ಬಯಲು. ಕೊಲ್ಹಾಪುರ ಸಂಸ್ಥಾನವು 1949ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಸಂಕೇಶ್ವರವಿರುವ ಹುಕ್ಕೇರಿ ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂದು, ಗಡಹಿಂಗ್ಲಜ ಗಡಿಯ ಆಚೆಗೆ ಉಳಿಯಿತು. ನದಿಯೊಂದೇ, ಸಂತೆಗಳೂ ಬೆರೆತವೇ. ಆಡಳಿತದ ಭಾಷೆ ಮಾತ್ರ ಬೇರೆಯಾಯಿತು. ಇಂಥ ಸೀಮೆಯಲ್ಲಿ ಒಂದು ಹತ್ಯಾರದ ಹೆಸರು ಎರಡು ಭಾಷೆಗಳ ನಡುವೆ ಹೇಗೆ ಓಡಾಡಿದೆ ಎಂಬುದು ಕೇವಲ ಕುತೂಹಲದ ಸಂಗತಿಯಾಗಿ ಉಳಿಯುವುದಿಲ್ಲ.

ನೂಲದಲ್ಲಿ ಸುರಗೀಶ್ವರ ಮಠವಿದೆ. ಸುರಗಿ ಎಂಬುದು ಕನ್ನಡದಲ್ಲಿ ಹೂವಿನ ಹೆಸರೂ ಹೌದು, ಕಿರುಗತ್ತಿಯ ಹೆಸರೂ ಹೌದು. ಕತ್ತಿಯ ಅರ್ಥದ ಸುರಗಿ, ಸುರಿಗೆಗಳು ಸಂಸ್ಕೃತದ ಛುರಿಕಾ ಎಂಬುದರ ತದ್ಭವಗಳು. 12ನೆಯ ಶತಮಾನದ ಶರಣರಲ್ಲಿ ಸುರಿಗೆಯ ಚೌಡಯ್ಯನೆಂಬ ವಚನಕಾರನಿದ್ದಾನೆ. ಮಠದ ಹೆಸರನ್ನು ಕತ್ತಿಗೆ ಕಟ್ಟಿಹಾಕಬೇಕಾಗಿಲ್ಲ. ಈ ಸೀಮೆಯ ಹೆಸರುಗಳಲ್ಲಿ ಹಳೆಯ ಕನ್ನಡದ ಪದವೊಂದು ಜೀವಂತವಾಗಿರುವುದನ್ನು ಗಮನಿಸಿದರೆ ಸಾಕು.

ದುಡಿಮೆಯ ಕತ್ತಿಗಳ ಹೆಸರುಗಳು ಇನ್ನೂ ಸ್ಪಷ್ಟವಾಗಿ ಮಾತಾಡುತ್ತವೆ. ಕುಡುಗೋಲಿನಲ್ಲಿ 'ಕುಡು' ಎಂದರೆ ಬಾಗಿದ್ದು. ಹೆಸರು ಹುಟ್ಟಿದ್ದು ಆಕಾರದಿಂದ. ಕೊಯ್ತಾ ಎಂಬುದು ಇಂದು ಮರಾಠಿ ಪದವೆಂದೇ ಪ್ರಸಿದ್ಧ. ಆದರೆ 'ಕೊಯ್' ಎಂಬ ಧಾತು ಕನ್ನಡ, ತಮಿಳು, ಮಲಯಾಳ, ತುಳುಗಳಲ್ಲಿ ಕತ್ತರಿಸು, ಫಸಲು ತೆಗೆ ಎಂಬ ಅರ್ಥದಲ್ಲಿ ಹರಡಿಕೊಂಡಿದೆ. ಕನ್ನಡದಲ್ಲಿ ಕೊಯ್ತ, ಕೊಯ್ಲು ಎಂಬ ಕ್ರಿಯಾನಾಮಗಳಿವೆ. ಮರಾಠಿಯ ಹತ್ಯಾರಕ್ಕೂ ದ್ರಾವಿಡದ ಕ್ರಿಯೆಗೂ ಇರುವ ಈ ಸಾಮ್ಯ ಕಣ್ಣಿಗೆ ಹೊಡೆಯುವಂಥದು. ಗಡಿನಾಡಿನ ಕನ್ನಡಿಗ ಕೊಯ್ತಾ ಎಂದಾಗ ಪರಭಾಷೆಯ ಪದವನ್ನು ಎರವಲು ತಂದಂತೆ ಅವನಿಗೆ ಅನ್ನಿಸದಿರುವುದಕ್ಕೆ ಇದೂ ಒಂದು ಕಾರಣ.

ದಪ್ಪದ ಅಳತೆಯೂ ಮಾತಿನಲ್ಲಿಯೇ ಇದೆ. ಮರಾಠಿಯ ಬಡಗಿ, ಲೋಹಾರರು ಇಂಚಿನ ಎಂಟನೆಯ ಒಂದು ಭಾಗವನ್ನು 'ಸೂತ' ಎನ್ನುತ್ತಾರೆ. ತಮಿಳು ಬಡಗಿಗಳು ಅದೇ ಅಳತೆಯನ್ನು 'ನೂಲ್' ಎನ್ನುತ್ತಾರೆ. ಎರಡರ ಅರ್ಥವೂ ದಾರ. ಒಂದು ಸೂತವೆಂದರೆ ಸುಮಾರು 3.2 ಮಿಲಿಮೀಟರ್. ಊರಿನ ಹೆಸರಾದ ನೂಲಕ್ಕೂ ಈ ಅಳತೆಗೂ ನಂಟು ಹುಡುಕುವುದು ಅನಾವಶ್ಯಕ. ಆದರೆ ಲೋಹದ ದಪ್ಪವನ್ನು ದಾರದ ಲೆಕ್ಕದಲ್ಲಿ ಹೇಳುವ ರೂಢಿ ಭಾಷೆಗಳ ಗಡಿಯನ್ನು ಲೆಕ್ಕಿಸಿಲ್ಲ ಎಂಬುದು ಗಮನಾರ್ಹ.

ದಪ್ಪದ ಲೆಕ್ಕ

ಅಲಗಿನ ಅಂಗಗಳಿಗೆ ಕನ್ನಡವು ದೇಹದ ಹೆಸರುಗಳನ್ನು ಕೊಟ್ಟಿದೆ: ಹರಿತವಾದ ಅಂಚು ಬಾಯಿ, ಅದರ ಎದುರಿನದು ಬೆನ್ನು, ತುದಿ ಮೂತಿ ಅಥವಾ ಮೊನೆ. ದಪ್ಪವೆಂದರೆ ಬೆನ್ನಿನ ದಪ್ಪ. ಬೆನ್ನಿನಿಂದ ಬಾಯಿಯವರೆಗೆ ಅಲಗು ಕ್ರಮವಾಗಿ ತೆಳುವಾಗುತ್ತ ಬಂದು ಬೆಣೆಯ ಆಕಾರ ಪಡೆಯುತ್ತದೆ.

ಒಂದು ಸರಳ ಉದಾಹರಣೆಯಿಂದ ವಿಷಯ ತಿಳಿಯಾಗುತ್ತದೆ. 25 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲದ ಬೆಣೆಯಾಕಾರದ ಅಲಗಿನ ಬೆನ್ನು ಒಂದು ಸೂತ ಇದ್ದರೆ ಅದರ ತೂಕ ಸುಮಾರು 155 ಗ್ರಾಂ, ಎರಡು ಸೂತ ಇದ್ದರೆ ಸುಮಾರು 310 ಗ್ರಾಂ. ತೂಕ ಎರಡು ಪಟ್ಟಾದಾಗ ಬಾಗದೆ ನಿಲ್ಲುವ ಬಿಗಿ ಎರಡು ಪಟ್ಟಾಗುವುದಿಲ್ಲ, ಎಂಟು ಪಟ್ಟಾಗುತ್ತದೆ. ಏಕೆಂದರೆ ಬಿಗಿಯು ದಪ್ಪದ ಘನಕ್ಕೆ ಅನುಗುಣವಾದುದು. ಶಾಶ್ವತವಾಗಿ ಸೊಟ್ಟಗಾಗದೆ ತಾಳಬಲ್ಲ ಭಾರ ದಪ್ಪದ ವರ್ಗಕ್ಕೆ ಅನುಗುಣವಾದುದರಿಂದ ನಾಲ್ಕು ಪಟ್ಟಾಗುತ್ತದೆ. ಒಂದೂವರೆ ಸೂತದ ಅಲಗು ಒಂದು ಸೂತದ್ದಕ್ಕಿಂತ ಒಂದೂವರೆ ಪಟ್ಟು ತೂಗುತ್ತದೆ, ಮೂರು ಪಟ್ಟಿಗೂ ಮಿಗಿಲಾದ ಬಿಗಿ ಪಡೆಯುತ್ತದೆ. ಕಂಬಾರರು ಅರ್ಧ ಸೂತದ ವ್ಯತ್ಯಾಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದರ ಮರ್ಮ ಇದೇ.

ಇಷ್ಟನ್ನೇ ನೋಡಿದರೆ ದಪ್ಪವೇ ಲೇಸೆನ್ನಿಸುತ್ತದೆ. ಆದರೆ ಬೆಣೆಯ ಕೋನವನ್ನೂ ನೋಡಬೇಕು. ಒಂದು ಸೂತದ ಬೆನ್ನಿದ್ದಾಗ ಈ ಅಲಗಿನ ಬೆಣೆ ಸುಮಾರು 3.6 ಡಿಗ್ರಿ, ಎರಡು ಸೂತಕ್ಕೆ 7.3 ಡಿಗ್ರಿ. ಕೋನ ಹಿಗ್ಗಿದಂತೆಲ್ಲ ಅಲಗು ತಾನು ಹೊಕ್ಕ ಕಾಂಡವನ್ನು ಎರಡೂ ಬದಿಗೆ ಹೆಚ್ಚು ತಳ್ಳಬೇಕಾಗುತ್ತದೆ. ಕಟ್ಟಿಗೆ ಸೀಳುವ ಕೊಡಲಿಗೆ ಅದು ಗುಣ, ಜೋಳದ ದಂಟು ಕೊಯ್ಯುವ ಕುಡುಗೋಲಿಗೆ ಅದೇ ದೋಷ. ಇದಲ್ಲದೆ ಬಿಗಿಯೇ ಬೇರೆ, ತಾಳಿಕೆಯೇ ಬೇರೆ. ಒಂದೇ ಉಕ್ಕಿನ ತೆಳು ಅಲಗು ಹೆಚ್ಚು ಬಾಗಿ ಮತ್ತೆ ನೆಟ್ಟಗಾಗುತ್ತದೆ. ದಪ್ಪ ಅಲಗು ಸುಲಭಕ್ಕೆ ಬಾಗುವುದಿಲ್ಲ, ಆದರೆ ಬಾಗಿಸಿದರೆ ಬೇಗನೆ ಸೊಟ್ಟಗಾಗುತ್ತದೆ ಇಲ್ಲವೆ ಮುರಿಯುತ್ತದೆ. ಹದ ತಪ್ಪಿದ ಉಕ್ಕನ್ನು ದಪ್ಪ ಕಾಪಾಡಲಾರದು.

ಆದುದರಿಂದ ಹಳೆಯ ಹತ್ಯಾರಗಳಲ್ಲಿ ದಪ್ಪವೆಂಬುದು ಅಲಗಿನುದ್ದಕ್ಕೂ ಒಂದೇ ಸಂಖ್ಯೆಯಾಗಿರುವುದಿಲ್ಲ. ಹಿಡಿಯ ಬಳಿ ಒತ್ತಡ ಹೆಚ್ಚಾದ್ದರಿಂದ ಅಲ್ಲಿ ಬೆನ್ನು ದಪ್ಪ. ಮೂತಿಯ ಕಡೆಗೆ ಬರಬರುತ್ತ ಸಣ್ಣದಾಗುತ್ತದೆ. ಬೀಸಿ ಕಡಿಯುವ ಕತ್ತಿಗೆ ಮುಂಭಾಗದಲ್ಲಿ ಭಾರ ಬೇಕಾದಾಗ ದಪ್ಪವನ್ನು ಹೆಚ್ಚಿಸುವ ಬದಲು ಅಗಲವನ್ನು ಹಿಗ್ಗಿಸುವುದು ಇನ್ನೊಂದು ಉಪಾಯ. ಕೊಡಗಿನ ಒಡಿಕತ್ತಿ ಇದಕ್ಕೆ ಕನ್ನಡನಾಡಿನ ಅತ್ಯುತ್ತಮ ನಿದರ್ಶನ: ಬೆನ್ನ ಹಿಂದೆ ತೋಡಂಗಿನಲ್ಲಿ ಸಿಕ್ಕಿಸುವ ಈ ಬಾಗಿದ ಕತ್ತಿ ಹಿಡಿಯಿಂದ ತುದಿಗೆ ಹೋಗುತ್ತ ಅಗಲವಾಗುತ್ತದೆ, ಬಾಯಿ ಬಾಗಿನ ಒಳಬದಿಯಲ್ಲಿರುತ್ತದೆ. ಕೊಡವರ ಮದುವೆಯಲ್ಲಿ ಬಾಳೆಯ ಕಂಬಗಳನ್ನು ಕಡಿಯುವುದು ಇದರಿಂದಲೇ. ಅದೇ ಕೊಡವ ಉಡುಪಿನಲ್ಲಿ ಮುಂದೆ ಸಿಕ್ಕಿಸಿಕೊಳ್ಳುವ ಪೀಚೆಕತ್ತಿ ಕಿರಿದು. ಒಂದೇ ಕತ್ತಿಯ ದಪ್ಪವನ್ನು ಎಲ್ಲ ಕೆಲಸಕ್ಕೂ ಹೊಂದಿಸುವ ಕಷ್ಟವನ್ನು ಎರಡು ಕತ್ತಿ ಇಟ್ಟುಕೊಂಡವರು ಪಡಲಿಲ್ಲ. ಹಿರಣ್ಯಕೇಶಿಯ ಕೂಲಿಕಾರನ ಕೈಯಲ್ಲಿ ಇರುವುದು ಸಾಮಾನ್ಯವಾಗಿ ಒಂದೇ.

ಕಬ್ಬಿಣದಿಂದ ಪಾಟಾದವರೆಗೆ

ಯಾವ ದಪ್ಪ ಸಾಕು ಎಂಬುದನ್ನು ಮೊದಲು ನಿರ್ಧರಿಸುವುದು ಲೋಹ. ಕೊಲ್ಹಾಪುರ ಸಂಸ್ಥಾನದ ವಿಶಾಳಗಡ, ಪನ್ಹಾಳ, ಭುದರಗಡ ಭಾಗಗಳ ಜಂಬಿಟ್ಟಿಗೆಯ ನೆಲದಲ್ಲಿ ಕಬ್ಬಿಣದ ಅದಿರು ಮೇಲ್ಮಟ್ಟದಲ್ಲಿಯೇ ಸಿಗುತ್ತಿತ್ತು. ಅದನ್ನು ಕರಗಿಸುವ ಉದ್ಯೋಗವೂ ಒಂದು ಕಾಲಕ್ಕೆ ಗಣನೀಯವಾಗಿತ್ತು. ಬ್ರಿಟಿಷರ ಕಾಲದ ಗೆಜೆಟಿಯರುಗಳು ಹೊರಗಿನಿಂದ ಬಂದ ಅಗ್ಗದ ಕಬ್ಬಿಣದ ಮುಂದೆ ಆ ಉದ್ಯೋಗ ಕುಸಿದುದನ್ನು ದಾಖಲಿಸಿವೆ. ಇದ್ದಿಲಿನ ಒಲೆಯಲ್ಲಿ ಕರಗಿಸಿ ಬಡಿದು ತೆಗೆದ ಕಬ್ಬಿಣ ಮೆದು. ಅದರಿಂದಲೇ ಮಾಡಿದ ಅಲಗು ತೆಳುವಾದರೆ ಬಾಗಿ ಹಾಗೆಯೇ ಉಳಿಯುತ್ತದೆ, ಬಾಯಿ ಬೇಗ ಮೊಂಡಾಗುತ್ತದೆ. ಆದುದರಿಂದ ಮೆದು ಕಬ್ಬಿಣದ ಮೈ, ಬಾಯಿಗೆ ಮಾತ್ರ ಉಕ್ಕಿನ ಬೆಸುಗೆ ಎಂಬ ಪದ್ಧತಿ ಲೋಕದ ಅನೇಕ ಕಡೆ ಬೆಳೆಯಿತು. ಅಲ್ಲಿ ದಪ್ಪ ಬೇಕಾದದ್ದು ಮೈಯ ದೌರ್ಬಲ್ಯಕ್ಕಾಗಿ.

ದಕ್ಷಿಣ ಭಾರತದ ಮೂಸೆಯ ಉಕ್ಕು ಇದಕ್ಕೆ ವಿರುದ್ಧ ತುದಿ. ಅದರಲ್ಲಿ ಇಂಗಾಲದ ಪ್ರಮಾಣ ಸುಮಾರು ಶೇ. 1.5ರಷ್ಟು. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಗೆ ಸಲ್ಲಿಸಿದ ಪ್ರಬಂಧದಲ್ಲಿ ಇದನ್ನು ವೂಟ್ಜ್ ಎಂದು ಕರೆದ. ಆ ಹೆಸರು ಕನ್ನಡದ ಉಕ್ಕು ಎಂಬುದರ ರೂಪಾಂತರವೆಂದು ಹಲವು ವಿದ್ವಾಂಸರು ಒಪ್ಪಿದ್ದಾರೆ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಉಕ್ಕು ಮಾಡುವ ವಿಧಾನವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಚನ್ನಪಟ್ಟಣದಲ್ಲಿ ಉಕ್ಕನ್ನು ವಾದ್ಯಗಳ ತಂತಿಯಾಗಿ ಎಳೆಯುತ್ತಿದ್ದುದನ್ನೂ ಗುರುತಿಸಿದ್ದಾನೆ. ಕಾಯಿಸುವ ಹದ ತಿಳಿಯದ ಐರೋಪ್ಯ ಕಮ್ಮಾರರ ಸುತ್ತಿಗೆಯ ಕೆಳಗೆ ಪುಡಿಯಾಗುತ್ತಿದ್ದ ಉಕ್ಕು, ಹದ ಬಲ್ಲವರ ಕೈಯಲ್ಲಿ ಅಲಗಾಗುತ್ತಿತ್ತು. ತೆಳುವಿನ ಸಾಧ್ಯತೆ ಲೋಹದಲ್ಲಿ ಎಷ್ಟಿತ್ತೋ ಕೈಯ ಅರಿವಿನಲ್ಲಿಯೂ ಅಷ್ಟೇ ಇತ್ತು.

1891ರಲ್ಲಿ ಮಿರಜ–ಕೊಲ್ಹಾಪುರ ರೈಲುಮಾರ್ಗ ತೆರೆದ ಮೇಲೆ ಹೊರಗಿನ ಕಬ್ಬಿಣದ ಸರಕಿಗೆ ದಾರಿ ಇನ್ನಷ್ಟು ಸುಗಮವಾಯಿತು. ಇದೇ ಕಾಲದಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮೇವು ಕತ್ತರಿಸುವ ಯಂತ್ರ ಮತ್ತು ಕಬ್ಬಿಣದ ನೇಗಿಲುಗಳ ತಯಾರಿಕೆಗೆ ಇಳಿದು, 1910ರಲ್ಲಿ ಔಂಧ ಸಂಸ್ಥಾನದ ಕುಂಡಲ್ ರೋಡಿಗೆ, ಇಂದಿನ ಕಿರ್ಲೋಸ್ಕರವಾಡಿಗೆ, ಕಾರ್ಖಾನೆಯನ್ನು ಒಯ್ದರು. ಕಡಬ ಕತ್ತರಿಸುವ ಅಲಗು ಯಂತ್ರದ ಚೌಕಟ್ಟಿಗೆ ಬಿಗಿಯಿತು. ಅದರ ಭಾರವನ್ನು ತೋಳು ಎತ್ತಬೇಕಾಗಿರಲಿಲ್ಲ. ಹೊಲದಲ್ಲಿ ಬೀಸುವ ಕತ್ತಿಗೆ ಆ ಬಿಡುಗಡೆ ದೊರೆಯಲಿಲ್ಲ.

ಮೋಟಾರು ವಾಹನಗಳು ಹೆಚ್ಚಿದ ಮೇಲೆ ಕುಲುಮೆಗೆ ಹೊಸ ಲೋಹವೊಂದು ಬಂದಿತು: ಲಾರಿ, ಜೀಪುಗಳ ಸವೆದ ಕಮಾನು ಪಟ್ಟಿ, ಗಡಿಭಾಗದ ಮಾತಿನಲ್ಲಿ ಪಾಟಾ. ಶೇ. 0.5–0.6ರ ಆಸುಪಾಸಿನ ಇಂಗಾಲವಿರುವ ಈ ಸ್ಪ್ರಿಂಗ್ ಉಕ್ಕು ಸಾವಿರಾರು ಸಲ ಬಾಗಿ ಏಳುವುದಕ್ಕೆಂದೇ ತಯಾರಾದುದು. ಮೈಯೆಲ್ಲ ಒಂದೇ ಉಕ್ಕಾದ್ದರಿಂದ ಬಾಯಿಗೆ ಬೇರೆ ಬೆಸುಗೆ ಬೇಕಿಲ್ಲ. ಮೆದು ಕಬ್ಬಿಣಕ್ಕೆ ಎರಡು ಸೂತ ಬೇಕಾದಲ್ಲಿ ಇದಕ್ಕೆ ಒಂದೂವರೆಯೋ ಅದಕ್ಕೂ ಕಡಿಮೆಯೋ ಸಾಕು. ಆದರೆ ಪಾಟಾ ಬರುವುದೇ ದಪ್ಪವಾಗಿ. ಲಾರಿಯ ಪಟ್ಟಿ ಮೂರು ಸೂತಕ್ಕೆ ಸಮೀಪ ಇರಬಹುದು, ಅದಕ್ಕೂ ಮೀರಬಹುದು. ಅದನ್ನು ಕಾಯಿಸಿ, ಬಡಿದು, ಅರ್ಧಕ್ಕೆ ಇಳಿಸಲು ಇದ್ದಿಲು ಬೇಕು, ಸಮಯ ಬೇಕು, ಎದುರು ನಿಂತು ದೊಡ್ಡ ಸುತ್ತಿಗೆ ಹೊಡೆಯುವ ಇನ್ನೊಂದು ಜೊತೆ ಕೈ ಬೇಕು. ಕಂಬಾರನಿಗೆ ಸಿಗುವ ಬೆಲೆ ಕಡಿಮೆಯಾದಾಗ ಬಡಿತವೂ ಕಡಿಮೆಯಾಗುತ್ತದೆ. ಸಂತೆಯಲ್ಲಿ ದಪ್ಪ ಬೆನ್ನಿನ ಕೊಯ್ತಾವನ್ನು ಕೈಯಲ್ಲಿ ತೂಗಿ ನೋಡಿ ಗಟ್ಟಿಯಾದುದೆಂದು ಕೊಳ್ಳುವವನು ಎಷ್ಟೋ ವೇಳೆ ಅರ್ಧಕ್ಕೆ ನಿಂತ ಬಡಿತಕ್ಕೆ ಹಣ ಕೊಡುತ್ತಾನೆ. ತಗಡಿನಿಂದ ಕತ್ತರಿಸಿ ಸಾಣೆ ಹಿಡಿದ ಅಗ್ಗದ ಕೊಯ್ತಾಗಳ ದೋಷ ಬೇರೆ ಬಗೆಯದು: ಹಿಡಿಯಿಂದ ಮೂತಿಯವರೆಗೆ ಅವುಗಳ ದಪ್ಪ ಒಂದೇ.

ಜೋಳದಿಂದ ಕಬ್ಬಿಗೆ

ಎರಡನೆಯ ದಾರಿ ಬೆಳೆಯದು. ಜೋಳದ ಕೊಯ್ಲಿನಲ್ಲಿ ಎಡಗೈ ದಂಟುಗಳನ್ನು ಹಿಡಿದಿರುತ್ತದೆ, ಬಲಗೈ ಕುಡುಗೋಲನ್ನು ತನ್ನತ್ತ ಎಳೆಯುತ್ತದೆ. ಎಳೆದು ಕೊಯ್ಯುವ ಕೆಲಸಕ್ಕೆ ಭಾರ ಬೇಡ, ಹರಿತ ಬೇಕು. ತೆಳು ಬೆನ್ನಿನ, ಆಳವಾಗಿ ಬಾಗಿದ ಅಲಗು ಇಲ್ಲಿ ಸಾಕಾಗುತ್ತದೆ. ಕಬ್ಬಿನ ಕಡಿತದಲ್ಲಿ ತೋಳು ಬೀಸುತ್ತದೆ, ಅಲಗು ಬುಡಕ್ಕೆ ಹೊಡೆಯುತ್ತದೆ.

ಕಬ್ಬು ಈ ಸೀಮೆಗೆ ಹೊಸತಲ್ಲ. ಕೊಲ್ಹಾಪುರದ ಬೆಲ್ಲ ಹಳೆಯ ಕಾಲದಿಂದ ಹೆಸರಾದದ್ದು. ಆದರೆ ಗಾಣದ ಕಾಲದ ಕಬ್ಬೂ ಕಾರ್ಖಾನೆಯ ಕಾಲದ ಕಬ್ಬೂ ಒಂದೇ ಅಲ್ಲ. ದಖ್ಖನಿನಲ್ಲಿ ಹಿಂದೆ ಹೆಚ್ಚಾಗಿ ಇದ್ದದ್ದು ಪುಂಡ್ಯಾ ಎಂಬ ದಪ್ಪ, ಮೆದು, ರಸಭರಿತ ಕಬ್ಬು. 1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬು ತಳಿ ಅಭಿವೃದ್ಧಿ ಕೇಂದ್ರ ಸ್ಥಾಪನೆಯಾದ ಮೇಲೆ ಕಾಡುಕಬ್ಬಿನ ರಕ್ತ ಬೆರೆತ ಸಂಕರ ತಳಿಗಳು ಬಂದವು. ಜಾವಾದಿಂದ ಬಂದ ಪಿಓಜೆ 2878 ಮತ್ತು ಕೊಯಮತ್ತೂರಿನ ಕೋ 419 ಪುಂಡ್ಯಾದ ಜಾಗವನ್ನು ಹಿಡಿದವು. ಮುಂದೆ ಕೋ 740, ಅನಂತರ ಕೋ 86032 ವ್ಯಾಪಕವಾದವು. ರೋಗವನ್ನೂ ಬರವನ್ನೂ ತಾಳಬಲ್ಲ ಈ ತಳಿಗಳ ಗಟ್ಟಿತನ ಕಾಂಡದ ನಾರಿನಲ್ಲಿಯೂ ಇದೆ. ಕೊಲ್ಹಾಪುರ ಪದ್ಧತಿಯ ಬಂಧಾರಗಳು ನದಿಯ ನೀರನ್ನು ತಡೆದು ನಿಲ್ಲಿಸಿದಂತೆ, ಸಂಕೇಶ್ವರದ ಹಿರಣ್ಯಕೇಶಿ ಹಾಗೂ ಗಡಹಿಂಗ್ಲಜ ತಾಲ್ಲೂಕಿನ ಹರಳಿಯ ಸಹಕಾರಿ ಕಾರ್ಖಾನೆಗಳು ಎದ್ದಂತೆ, ಜೋಳದ ಬಯಲು ಕಬ್ಬಿನ ಬಯಲಾಯಿತು.

ಕಬ್ಬನ್ನು ನೆಲಕ್ಕೆ ತಾಗಿಸಿ ಕಡಿಯಬೇಕು. ಬುಡದ ಗೆಣ್ಣುಗಳಲ್ಲಿ ಸಕ್ಕರೆಯ ಅಂಶ ಹೆಚ್ಚು. ಕೂಳೆ ಚಿಗುರುವುದಕ್ಕೂ ತಗ್ಗಿನ ಕಡಿತವೇ ಒಳ್ಳೆಯದು. ತಗ್ಗಿಸಿ ಕಡಿದಾಗ ಅಲಗು ಮಣ್ಣಿಗೆ ತಾಗುತ್ತದೆ, ಹರಳಿಗೆ ಬಡಿಯುತ್ತದೆ, ತೆಳು ಬಾಯಿ ಮುಕ್ಕಾಗುತ್ತದೆ. ಹಾಗೆಂದು ಬಾಯಿಯ ಹಿಂದಿನ ಮೈಯನ್ನು ತೀರ ದಪ್ಪ ಮಾಡಿದರೆ ಬುಡ ಸೀಳಿ ಕೂಳೆ ಕೆಡುತ್ತದೆ. ಅದೇ ಕೊಯ್ತಾ ಮರುಕ್ಷಣದಲ್ಲಿ ರವದಿ ಸವರಬೇಕು, ತುದಿಯ ಸೋಗೆ ಕತ್ತರಿಸಬೇಕು. ಈ ಕೆಲಸಗಳಿಗೆ ಹಗುರವಾದ ಅಲಗೇ ಸಮ. ಬುಡಕ್ಕೆ ಒಂದು ದಪ್ಪ, ತುದಿಗೆ ಇನ್ನೊಂದು; ಕತ್ತಿ ಮಾತ್ರ ಒಂದೇ. ಬೆನ್ನು ಒಂದೂವರೆ ಸೂತದ ಹತ್ತಿರ, ಮೂತಿಯ ಕಡೆಗೆ ಇಳಿದ ದಪ್ಪ, ಬಾಯಿಯ ಹಿಂದೆ ತುಸು ಉಳಿಸಿದ ಮಾಂಸ, ಭಾರಕ್ಕೆ ಅಗಲವಾದ ಮುಂಭಾಗ—ಮೇಲಿನ ಲೆಕ್ಕಗಳನ್ನೆಲ್ಲ ಕೂಡಿಸಿದರೆ ಸಿಗುವ ಉತ್ತರ ಇದು. ಒಳ್ಳೆಯ ಕಂಬಾರನ ಕೈ ಈ ಉತ್ತರವನ್ನು ಲೆಕ್ಕವಿಲ್ಲದೆ ತಲುಪುತ್ತದೆ.

ಕಂಬಾರನ ದೂರ

ಹಾಗಿದ್ದೂ ಬಳಕೆಯ ಕೊಯ್ತಾಗಳು ಹಲವು ವೇಳೆ ಈ ಅಳತೆಯನ್ನು ಮೀರುವುದೇಕೆ? ಲೋಹ ಮತ್ತು ಬೆಳೆಗಳ ಆಚೆಗೆ, ಕತ್ತಿ ಹಿಡಿದವನಿಗೂ ಕುಲುಮೆಗೂ ಇರುವ ದೂರದಲ್ಲಿ ಇದಕ್ಕೆ ವಿವರಣೆಯನ್ನು ಹುಡುಕಬೇಕು.

ಆಯಗಾರಿಕೆಯಲ್ಲಿ, ಮರಾಠಿಯ ಬಲುತೆ ಪದ್ಧತಿಯಲ್ಲಿ, ಕಂಬಾರನು ಕೆಲಸಕ್ಕಿಷ್ಟು ಎಂದು ಹಣ ಪಡೆಯುತ್ತಿರಲಿಲ್ಲ. ಸುಗ್ಗಿಯಲ್ಲಿ ರೈತನ ಕಣದಿಂದ ಅವನ ಪಾಲಿನ ಕಾಳು ಬರುತ್ತಿತ್ತು. ಅದಕ್ಕೆ ಪ್ರತಿಯಾಗಿ ವರ್ಷವಿಡೀ ಕುಳ ಹಣಿಯುವುದು, ಕುಡುಗೋಲು ಹಣಿಯುವುದು ಅವನ ಹೊಣೆ. ಹಣಿಯುವುದೆಂದರೆ ಸವೆದ ಬಾಯಿಯನ್ನು ಕಾಯಿಸಿ ಬಡಿದು ಮತ್ತೆ ತೆಳುವಾಗಿಸಿ ಹದ ಕೊಡುವುದು. ಕುಲುಮೆ ಊರೊಳಗೇ ಇದ್ದು, ದುರಸ್ತಿಗೆ ಬೇರೆ ಹಣ ಬೇಡವಾದಾಗ ತೆಳು ಅಲಗಿನ ಭಯ ಕಡಿಮೆ. ಮುಕ್ಕಾದರೆ ನಾಳೆ ಸರಿಹೋಗುತ್ತದೆ. ತೆಳು ಕತ್ತಿಯು ಒಂದು ಸಾಮಾಜಿಕ ಭರವಸೆಯನ್ನು ನೆಚ್ಚಿಕೊಂಡಿತ್ತು ಎನ್ನಬಹುದು. ಆ ವ್ಯವಸ್ಥೆಯಲ್ಲಿ ಜಾತಿಯ ಕಟ್ಟು ಇತ್ತು, ಕಂಬಾರನಿಗೆ ಹೊರಹೋಗುವ ಸ್ವಾತಂತ್ರ್ಯ ಅಷ್ಟಕ್ಕಷ್ಟೇ ಇತ್ತು. ಅದನ್ನು ಹಂಬಲಿಸಿ ನೆನೆಯಬೇಕಾದ ಕಾರಣವಿಲ್ಲ. ಆದರೆ ಅದು ಕಳಚಿದಾಗ ದುರಸ್ತಿಯ ಖಚಿತತೆಯೂ ಕಳಚಿತು. ದುರಸ್ತಿ ಸಿಗದವನು ಮುಂಜಾಗ್ರತೆಯಾಗಿ ದಪ್ಪವನ್ನು ಕೊಳ್ಳುತ್ತಾನೆ.

ಊರ ಕಂಬಾರನ ಜೊತೆಗೆ ಇನ್ನಿಬ್ಬರನ್ನು ಸೇರಿಸಿಕೊಳ್ಳದೆ ಈ ಚಿತ್ರ ಪೂರ್ಣವಾಗದು. ಒಬ್ಬರು ಘಿಸಾಡಿಗಳು, ಕರ್ನಾಟಕದಲ್ಲಿ ಬೈಲಕಮ್ಮಾರರೆಂದು ಹೆಸರಾದವರು. ಊರಿಂದೂರಿಗೆ, ಸಂತೆಯಿಂದ ಸಂತೆಗೆ ಕುಲುಮೆಯನ್ನು ಹೊತ್ತು ತಿರುಗುವ ಈ ಸಮುದಾಯದಲ್ಲಿ ದೊಡ್ಡ ಸುತ್ತಿಗೆಯನ್ನು ಎತ್ತಿ ಹೊಡೆಯುವವರು ಎಷ್ಟೋ ವೇಳೆ ಹೆಂಗಸರು. ಅಲಗಿನ ದಪ್ಪವನ್ನು ಇಳಿಸುವ ನಿಜವಾದ ಶ್ರಮ ಅವರದು. ಅವರ ಮನೆಮಾತು ತಾರೀಮೂಕಿ ಅಥವಾ ಘಿಸಾಡಿ. ಗ್ರಿಯರ್ಸನ್ನನ ಭಾರತೀಯ ಭಾಷಾ ಸಮೀಕ್ಷೆಯು ಅದನ್ನು ಗುಜರಾತಿಯ ಬಳಗದಲ್ಲಿ ಸೇರಿಸಿತು. ಇನ್ನೊಬ್ಬರು ಶಿಕಲಗಾರರು, ಅಲಗುಗಳಿಗೆ ಸಾಣೆ ಹಿಡಿಯುವವರು. ಅವರ ನುಡಿಗೆ ಅದೇ ಸಮೀಕ್ಷೆಯ 1922ರ ಹನ್ನೊಂದನೆಯ ಸಂಪುಟದಲ್ಲಿ ಸ್ಥಾನ ದೊರೆಯಿತು.

ಹೀಗೆ ಗಡಿಯ ಒಂದು ಕೊಯ್ತಾದ ಹಿಂದೆ ನಾಲ್ಕು ನುಡಿಗಳಿವೆ: ಕೊಳ್ಳುವವನ ಕನ್ನಡ, ಸಂತೆಯ ಮರಾಠಿ, ಬಡಿಯುವವರ ತಾರೀಮೂಕಿ, ಮಸೆಯುವವರ ಶಿಕಲಗಾರಿ. ವ್ಯವಹಾರ ನಡೆಯುವುದು ಮೊದಲ ಎರಡರಲ್ಲಿ. ಕಾವಿನ ಬಣ್ಣ, ಬಡಿತದ ನಿಲುಗಡೆ, ನೀರಿಗೆ ಅದ್ದುವ ಕ್ಷಣ ಇವುಗಳ ಮಾತು ಕುಲುಮೆಯ ಒಳಗಡೆ, ಕೊನೆಯ ಎರಡರಲ್ಲಿ ಉಳಿದಿರುತ್ತದೆ. ಅಲ್ಪಸಂಖ್ಯಾತ ಭಾಷೆಗಳ ಅಧ್ಯಯನವು ಹಾಡು ಕತೆಗಳನ್ನು ಸಂಗ್ರಹಿಸಿದಷ್ಟು ಆಸ್ಥೆಯಿಂದ ಕಸುಬಿನ ಮಾತನ್ನು ಸಂಗ್ರಹಿಸಿದ್ದು ಕಡಿಮೆ. ಮರಾಠಿಯಲ್ಲಿ ಅಲಗಿಗೆ ಹದ ಹಾಕುವುದನ್ನು 'ಪಾಣಿ ದೇಣೆ', ನೀರು ಕೊಡುವುದು, ಎನ್ನುತ್ತಾರೆ. ಕನ್ನಡದ 'ಹದ' ಅಡುಗೆಗೂ ಮಣ್ಣಿಗೂ ಮಾತಿಗೂ ಅನ್ವಯಿಸುವ ಹಿರಿಯ ಪದ. ಎರಡೂ ಒಂದೇ ಕೆಲಸದ ಹೆಸರುಗಳು. ಒಂದು ಕೈಯ ಚಲನೆಯನ್ನು ನೋಡಿತು, ಇನ್ನೊಂದು ಫಲವನ್ನು ನೋಡಿತು.

ಕೊಯ್ತಾ ಎಂಬ ಎಣಿಕೆ

ಕಾರ್ಖಾನೆಯ ಕಬ್ಬನ್ನು ಕಡಿಯುವವರಲ್ಲಿ ಬಹುಪಾಲು ಈ ಊರುಗಳವರಲ್ಲ. ದಸರೆ ಕಳೆದ ಮೇಲೆ ಮರಾಠವಾಡದ ಬೀಡ ಮೊದಲಾದ ಒಣಸೀಮೆಗಳಿಂದ, 300 ಕಿಲೋಮೀಟರ್‌ಗೂ ದೂರದಿಂದ, ಕುಟುಂಬಗಳು ಪಶ್ಚಿಮ ಮಹಾರಾಷ್ಟ್ರಕ್ಕೂ ಉತ್ತರ ಕರ್ನಾಟಕಕ್ಕೂ ವಲಸೆ ಬರುತ್ತವೆ. ಬೇಸಗೆಯ ಹೊತ್ತಿಗೆ ಮರಳುತ್ತವೆ. ಮುಕಾದಮನು ಕೊಡುವ ಮುಂಗಡಕ್ಕೆ 'ಉಚಲ' ಎಂದು ಹೆಸರು. ಕೂಲಿ ಟನ್ನಿನ ಲೆಕ್ಕದಲ್ಲಿ. ಈ ವ್ಯವಹಾರದಲ್ಲಿ ಗಂಡ ಹೆಂಡತಿಯ ಜೋಡಿಯನ್ನು 'ಒಂದು ಕೊಯ್ತಾ' ಎಂದು ಎಣಿಸುತ್ತಾರೆ, ಒಬ್ಬರೇ ಬಂದರೆ 'ಅರ್ಧ ಕೊಯ್ತಾ'. ಗಂಡ ಕಡಿಯುತ್ತಾನೆ, ಹೆಂಡತಿ ಸವರಿ, ಕಟ್ಟು ಕಟ್ಟಿ, ತಲೆಯ ಮೇಲೆ ಹೊತ್ತು ಗಾಡಿಗೆ ಸಾಗಿಸುತ್ತಾಳೆ. ಇಬ್ಬರ ದುಡಿಮೆಗೂ ಒಂದೇ ಹತ್ಯಾರದ ಹೆಸರು, ಲೆಕ್ಕದ ಪುಸ್ತಕದಲ್ಲಿ ಒಂದೇ ಸಾಲು.

ದಪ್ಪದ ಪ್ರಶ್ನೆ ಇಲ್ಲಿ ದೇಹದ ಪ್ರಶ್ನೆಯಾಗುತ್ತದೆ. ಮೇಲೆ ಹೇಳಿದ ಉದಾಹರಣೆಯಲ್ಲಿ ಒಂದು ಸೂತಕ್ಕೂ ಎರಡು ಸೂತಕ್ಕೂ ಇರುವ ತೂಕದ ಅಂತರ ಸುಮಾರು 155 ಗ್ರಾಂ. ದಿನಕ್ಕೆ 3000 ಸಲ ಅಲಗನ್ನು ಎತ್ತಬೇಕಾದರೆ ಆ ಅಂತರ 465 ಕಿಲೋಗ್ರಾಂ ಆಗುತ್ತದೆ. ಅದು ಕಡಿದ ಕಬ್ಬಿನ ತೂಕದಲ್ಲಿ ಸೇರುವುದಿಲ್ಲ, ಕೂಲಿಯಲ್ಲಿ ಬರುವುದಿಲ್ಲ. ಮಣಿಕಟ್ಟು, ಮೊಣಕೈ, ಭುಜಗಳಲ್ಲಿ ಉಳಿಯುತ್ತದೆ. ತೆಳುವಾದ ಅಲಗು ಮುಕ್ಕಾದರೆ ಆ ಹೊತ್ತಿನ ಟನ್ನು ತಪ್ಪುತ್ತದೆ. ಕಡಿದ ಕಬ್ಬಿನ ಸಕ್ಕರೆ ಬಿಸಿಲಲ್ಲಿ ಇಳಿಯುವುದರಿಂದ ಗಾಡಿ ಕಾಯುವುದಿಲ್ಲ. ಪರಿಚಯದ ಕುಲುಮೆ ಮುನ್ನೂರು ಕಿಲೋಮೀಟರ್ ಹಿಂದೆ ಉಳಿದಿದೆ. ಇಂಥವನು ಅರ್ಧ ಸೂತ ಹೆಚ್ಚು ದಪ್ಪವನ್ನು ಆರಿಸಿಕೊಂಡರೆ ಅದನ್ನು ಅಜ್ಞಾನವೆನ್ನಲಾಗದು. ಮುರಿಯುವ ಅಪಾಯವನ್ನು ಅವನು ದಿನದಿನದ ದಣಿವಾಗಿ ಬದಲಿಸಿಕೊಳ್ಳುತ್ತಿದ್ದಾನೆ. ಶಿಬಿರದ ಬಳಿ ಒಬ್ಬ ಸಂಚಾರಿ ಕಮ್ಮಾರ ಬಿಡಾರ ಹೂಡಿದ್ದರೆ ಆ ಆಯ್ಕೆಯೇ ಬೇರೆಯಾಗಬಹುದು. ಸಂಚಾರಿ ಕಸುಬಿನ ಅಗತ್ಯ ತೀರಿತೆಂಬ ಮಾತನ್ನು ಈ ದೃಷ್ಟಿಯಿಂದ ಮತ್ತೆ ಯೋಚಿಸಬೇಕಾಗುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಕೊಯ್ತಾ ಎಂಬ ಹೆಸರು ಇನ್ನೊಂದು ದಾರಿಯನ್ನೂ ಹಿಡಿದಿದೆ. ಪುಣೆಯ ಪತ್ರಿಕೆಗಳಲ್ಲಿ 'ಕೊಯ್ತಾ ಗ್ಯಾಂಗ್' ಎಂಬುದು ಪುಂಡರ ಗುಂಪಿನ ಹೆಸರಾಗಿ ರೂಢವಾಯಿತು. ಬೇಸಾಯದ ಸಾಧನವೆಂದು 1962ರ ನಿಯಮಗಳು ಹೊರಗಿಟ್ಟ ಅಲಗು ನಗರದ ಕಣ್ಣಿಗೆ ಆಯುಧವಾಗಿ ಕಂಡಿತು. ಹೊಲದಲ್ಲಿ ಅದೇ ಪದ ಎರಡು ಜೀವಗಳ ದುಡಿಮೆಯ ಮಾನ. ಯಾವ ಅರ್ಥ ಪದಕೋಶಕ್ಕೆ ಮೊದಲು ಸೇರುವುದು ಎಂಬುದನ್ನು ಬರೆಯುವವರು ಯಾರ ಬಳಿ ಕುಳಿತಿದ್ದಾರೆ ಎಂಬುದೇ ನಿರ್ಧರಿಸುತ್ತದೆ.

ಉಳಿದ ಕೆಲಸ

ಈ ಚರಿತ್ರೆಯಿಂದ ಹೊರಡುವ ನಿಲುವು ಇಷ್ಟು: ಅಲಗಿನ ದಪ್ಪವನ್ನು ಉಕ್ಕಿನ ಗುಣವೊಂದರಿಂದ ವಿವರಿಸಲು ಬರುವುದಿಲ್ಲ. ಮೆದು ಕಬ್ಬಿಣ ದಪ್ಪವನ್ನು ಬೇಡಿತು, ಪಾಟಾದ ಉಕ್ಕು ತೆಳುವನ್ನು ಸಾಧ್ಯವಾಗಿಸಿತು; ಗಟ್ಟಿ ಕಬ್ಬು ಮತ್ತು ನೆಲ ತಾಗುವ ಕಡಿತ ಮತ್ತೆ ದಪ್ಪವನ್ನು ಕೇಳಿದವು; ಕಂಬಾರ ದೂರವಾದಂತೆ ಆ ಕೇಳಿಕೆ ಬಲವಾಯಿತು. ಪ್ರತಿ ಹಂತದಲ್ಲಿಯೂ ಹೆಚ್ಚಿದ ಭಾರವನ್ನು ಎತ್ತಿದವರು ಅದನ್ನು ನಿರ್ಧರಿಸುವ ಅವಕಾಶ ಕಡಿಮೆ ಇದ್ದವರು.

ಆದುದರಿಂದ ಹಳೆಯ ಹತ್ಯಾರಗಳನ್ನು ದಾಖಲಿಸುವವರು ಉದ್ದ ಅಗಲಗಳನ್ನು ಬರೆದು ನಿಲ್ಲಿಸಬಾರದು. ಹಿಡಿಯ ಬಳಿ, ನಡುವಿನಲ್ಲಿ, ಮೂತಿಯಿಂದ ಎರಡು ಬೆರಳು ಹಿಂದೆ ಎಂದು ಬೆನ್ನಿನ ದಪ್ಪವನ್ನು ಮೂರು ಕಡೆ ಅಳೆದು, ತೂಕವನ್ನೂ ಲೋಹದ ಮೂಲವನ್ನೂ ಎಷ್ಟು ಸಲ ಹಣಿಸಲಾಗಿದೆ ಎಂಬುದನ್ನೂ ಗುರುತಿಸಿಕೊಳ್ಳಬೇಕು. ಅಲಗಿನ ಪ್ರತಿ ಭಾಗಕ್ಕೂ ಪ್ರತಿ ಹದಕ್ಕೂ ಕನ್ನಡ, ಮರಾಠಿ, ತಾರೀಮೂಕಿ, ಶಿಕಲಗಾರಿಗಳಲ್ಲಿ ಇರುವ ಹೆಸರುಗಳನ್ನು ಪಕ್ಕಪಕ್ಕದಲ್ಲಿ ಬರೆಯಬೇಕು. ಕಬ್ಬು ಕಡಿಯುವ ಯಂತ್ರಗಳು ಕಾರ್ಖಾನೆಗಳ ಅಂಗಳಕ್ಕೆ ಬರುತ್ತಿವೆ. ತಗಡಿನ ಕೊಯ್ತಾ ಸಂತೆಯನ್ನು ತುಂಬಿದೆ. ನೂಲದಂಥ ಊರುಗಳಲ್ಲಿ ಕುಲುಮೆಯ ಬೆಂಕಿ ಇನ್ನೂ ಉಳಿದಿರುವಾಗಲೇ, ಬಡಿಯುವವರನ್ನೂ ಹಿಡಿಯುವವರನ್ನೂ ಒಟ್ಟಿಗೆ ಕೂರಿಸಿ ಮಾಡಬೇಕಾದ ಕೆಲಸ ಇದು. ಆ ಪಟ್ಟಿಯಲ್ಲಿ ಸುತ್ತಿಗೆ ಎತ್ತುವ ಘಿಸಾಡಿ ಹೆಂಗಸಿನ ಮಾತೂ ಅರ್ಧ ಕೊಯ್ತಾ ಎಂದು ಎಣಿಸಲ್ಪಟ್ಟ ಹೆಂಗಸಿನ ಮಾತೂ ಮೊದಲು ಬರೆಯಬೇಕಾದವು. ದಪ್ಪ ಎಷ್ಟಿರಬೇಕೆಂದು ಅವರನ್ನು ಈವರೆಗೆ ಕೇಳಿದವರು ಕಡಿಮೆ.